ಓಟಗಾರರ ಮೊಣಕಾಲು ಮತ್ತು ಹೊರೆಯ ಲೆಕ್ಕ

ವಿಜಯಪುರ ನಗರದಿಂದ ಬಬಲೇಶ್ವರದ ಕಡೆಗೆ ಸಾಗುವ ದಾರಿಯಲ್ಲಿ, ಡೋಣಿ ನದಿಯ ಎರೆಭೂಮಿಯ ನಡುವೆ ಇರುವ ಸಾರವಾಡದಂಥ ಊರುಗಳಲ್ಲಿ ಓಟವೆಂಬುದು ಹೆಚ್ಚಾಗಿ ಶಾಲೆಯ ಕ್ರೀಡಾಕೂಟಕ್ಕೆ, ಇಲ್ಲವೇ ಪೊಲೀಸ್ ಮತ್ತು ಸೇನೆಯ ಭರ್ತಿಗೆ ಸಂಬಂಧಿಸಿದ ವಿಷಯವಾಗಿತ್ತು. ಕಾನ್‌ಸ್ಟೇಬಲ್ ಹುದ್ದೆಗೆ 1,600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕಾದ ಯುವಕರು ನಸುಕಿನಲ್ಲಿ ಊರ ಹೊರಗಿನ ರಸ್ತೆಗಳಲ್ಲಿ ಓಡುವ ರೂಢಿ ಇಂದಿಗೂ ಇದೆ. ಅವರ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ವರ್ಗ ಸೇರಿಕೊಂಡಿದೆ. ನೌಕರಿಗಾಗಿಯೂ ಪದಕಕ್ಕಾಗಿಯೂ ಅಲ್ಲದೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದ ಸೂಚನೆ ಕಂಡ ಮೇಲೆ, ಇಲ್ಲವೇ ಕೇವಲ ಮನಸ್ಸಿನ ಉಲ್ಲಾಸಕ್ಕಾಗಿ ಓಡುವ ಶಿಕ್ಷಕರು, ವ್ಯಾಪಾರಿಗಳು, ಬ್ಯಾಂಕ್ ನೌಕರರು ಮತ್ತು ಗೃಹಿಣಿಯರು ಈ ವರ್ಗಕ್ಕೆ ಸೇರುತ್ತಾರೆ. ಕೋಟಿ ವೃಕ್ಷ ಅಭಿಯಾನದ ಭಾಗವಾಗಿ ವಿಜಯಪುರದಲ್ಲಿ ನಡೆಯುವ ವೃಕ್ಷೋಥಾನ್ ಹೆರಿಟೇಜ್ ರನ್‌ನ 21, 10 ಮತ್ತು 5 ಕಿಲೋಮೀಟರ್ ಓಟಗಳಲ್ಲಿ ಇಂತಹ ಹವ್ಯಾಸಿಗಳು ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುತ್ತಾರೆ.

ಹವ್ಯಾಸಿ ಓಟಗಾರರನ್ನು ಅತಿ ಹೆಚ್ಚು ಕಾಡುವ ದೈಹಿಕ ತೊಂದರೆ ಮೊಣಕಾಲಿನದು, ಮತ್ತು ಆ ನೋವು ಕಾಣಿಸಿಕೊಂಡ ಕೂಡಲೇ ಮನೆಯವರಿಂದಲೂ ನೆರೆಹೊರೆಯವರಿಂದಲೂ ಬರುವ ಸಲಹೆ ಬಹುಮಟ್ಟಿಗೆ ಒಂದೇ: ಓಡುವುದನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಕೀಲು ಸವೆದುಹೋಗುತ್ತದೆ. ಈ ಸಲಹೆಯ ಹಿಂದೆ ಕಾಳಜಿಯಿದೆ, ಆದರೆ ಅದು ಆಧರಿಸಿರುವ ತಿಳಿವಳಿಕೆ ಸರಿಯಾದುದಲ್ಲ. ಮೊಣಕಾಲನ್ನು ಎತ್ತಿನ ಗಾಡಿಯ ಗುಂಬದಂತೆ, ಅಂದರೆ ಉರುಳಿದಷ್ಟೂ ಸವೆಯುವ ನಿರ್ಜೀವ ಭಾಗದಂತೆ ಭಾವಿಸುವುದರಿಂದಲೇ ಈ ತಪ್ಪು ಹುಟ್ಟುತ್ತದೆ. ಕೀಲು ಜೀವಂತ ಅಂಗ. ತಾಳುವಷ್ಟು ಹೊರೆ ಬಿದ್ದರೆ ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ತಾಳುವುದಕ್ಕಿಂತ ಬೇಗ ಹೊರೆ ಏರಿದರೆ ನೋಯುತ್ತದೆ.

ಮೊಣಕಾಲಿನಲ್ಲಿ ತೊಡೆಯ ಎಲುಬಿನ ಕೆಳತುದಿ ಮತ್ತು ಕಣಕಾಲಿನ ದೊಡ್ಡ ಎಲುಬಿನ ಮೇಲ್ತುದಿ ಒಂದನ್ನೊಂದು ಸಂಧಿಸುತ್ತವೆ, ಅವುಗಳ ಮುಂದೆ ಮೊಣಕಾಲ ಚಿಪ್ಪು ಎಂಬ ಚಿಕ್ಕ ಎಲುಬು ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳ ಕೂಡುರಜ್ಜುವಿನಲ್ಲಿ ಹುದುಗಿಕೊಂಡಿದೆ. ಕಾಲು ಮಡಿಚಿ ಚಾಚಿದಾಗಲೆಲ್ಲ ಈ ಚಿಪ್ಪು ತೊಡೆ ಎಲುಬಿನ ತುದಿಯಲ್ಲಿರುವ ತೋಡಿನಲ್ಲಿ ಬಾವಿಯ ಗಾಲಿಯ ಮೇಲಿನ ಹಗ್ಗದಂತೆ ಜಾರುತ್ತ, ಸ್ನಾಯುವಿನ ಸೆಳೆತಕ್ಕೆ ಬಲ ಕೂಡಿಸುತ್ತದೆ. ಎಲುಬುಗಳ ತುದಿಗಳನ್ನು ಮೃದ್ವಸ್ಥಿ ಎಂಬ ನುಣುಪಾದ, ಸ್ಥಿತಿಸ್ಥಾಪಕ ಹೊದಿಕೆ ಮುಚ್ಚಿರುತ್ತದೆ. ಜನರು ಮಾತಿನಲ್ಲಿ ‘ಗ್ರೀಸ್’ ಎಂದು ಕರೆಯುವುದು ಕೀಲಿನೊಳಗಿನ ಜಾರುದ್ರವವನ್ನು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಹೊರೆ ಬಿದ್ದಾಗ ಅದು ಸ್ಪಂಜಿನಂತೆ ಕುಗ್ಗಿ, ಹೊರೆ ಇಳಿದಾಗ ಹಿಗ್ಗಿ, ಆ ಕುಗ್ಗು-ಹಿಗ್ಗುಗಳ ನಡುವೆಯೇ ಸುತ್ತಲಿನ ದ್ರವದಿಂದ ಪೋಷಣೆಯನ್ನು ಹೀರಿಕೊಳ್ಳುತ್ತದೆ. ಆದುದರಿಂದ ಸಂಪೂರ್ಣ ವಿಶ್ರಾಂತಿಯೆಂಬುದು ಕೀಲಿಗೆ ಉಪಕಾರವಾಗುವ ಬದಲು, ದೀರ್ಘಕಾಲ ಮುಂದುವರಿದರೆ, ಅದರ ಆಹಾರವನ್ನು ಕಡಿಮೆ ಮಾಡುವುದಕ್ಕೆ ಸಮನಾಗುತ್ತದೆ.

ಓಡುವಾಗ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಕೀಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಒತ್ತಡ ಬೀಳುವುದು ನಿಜ, ಅದು ನಡಿಗೆಯ ಹೆಜ್ಜೆಯ ಒತ್ತಡಕ್ಕಿಂತ ಬಹಳ ಹೆಚ್ಚು ಎಂಬುದೂ ನಿಜ. ಆದರೆ ಓಟದ ಹೆಜ್ಜೆ ಉದ್ದವಾಗಿರುತ್ತದೆ ಮತ್ತು ಪಾದ ನೆಲಕ್ಕೆ ತಾಗಿರುವ ಅವಧಿ ಕಡಿಮೆಯಿರುತ್ತದೆ. ಹಾಗಾಗಿ ಒಂದು ಕಿಲೋಮೀಟರ್ ನಡೆದಾಗ ಮತ್ತು ಒಂದು ಕಿಲೋಮೀಟರ್ ಓಡಿದಾಗ ಕೀಲಿನ ಮೇಲೆ ಬೀಳುವ ಒಟ್ಟು ಹೊರೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು 2014ರಲ್ಲಿ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಕೀಲು ಸವೆತ, ಅಂದರೆ ವೈದ್ಯರು ಅಸ್ಥಿಸಂಧಿವಾತ ಎಂದು ಕರೆಯುವ ರೋಗದ ವಿಷಯದಲ್ಲಿಯೂ ಪುರಾವೆ ಜನರ ನಂಬಿಕೆಗೆ ವಿರುದ್ಧವಾಗಿದೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಒಂದು ಲೇಖನದ ಪ್ರಕಾರ ಹವ್ಯಾಸಿ ಓಟಗಾರರಲ್ಲಿ ಶೇ 3.5ರಷ್ಟು ಮಂದಿಗೆ ಸೊಂಟ ಅಥವಾ ಮೊಣಕಾಲಿನ ಸಂಧಿವಾತವಿದ್ದರೆ, ಓಡದೆ ಕುಳಿತೇ ಇರುವವರಲ್ಲಿ ಆ ಪ್ರಮಾಣ ಶೇ 10.2ರಷ್ಟಿತ್ತು, ಸ್ಪರ್ಧೆಗಳಿಗಾಗಿ ಅತಿಯಾಗಿ ಓಡುವವರಲ್ಲಿ ಮಾತ್ರ ಶೇ 13.3ಕ್ಕೆ ಏರಿತ್ತು. ಆರೋಗ್ಯವಂತರೇ ಓಟಕ್ಕೆ ಇಳಿಯುವುದೂ ಈ ಅಂತರಕ್ಕೆ ಒಂದು ಕಾರಣವಾಗಿರಬಹುದಾದುದರಿಂದ ಓಟ ಸಂಧಿವಾತಕ್ಕೆ ಔಷಧ ಎಂದು ಇದರಿಂದ ತೀರ್ಮಾನಿಸಲಾಗದು. ಆದರೆ ವಾರಕ್ಕೆ ಮೂರು ನಾಲ್ಕು ದಿನ ಹಿತಮಿತವಾಗಿ ಓಡುವ ಸಾಮಾನ್ಯ ಮನುಷ್ಯನ ಮೊಣಕಾಲನ್ನು ಓಟವೇ ಹಾಳುಮಾಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಹಾಗಾದರೆ ನೋವು ಎಲ್ಲಿಂದ ಬರುತ್ತದೆ ಎಂಬುದಕ್ಕೆ ನೋವಿನ ಜಾಗವೇ ಬಹುಪಾಲು ಉತ್ತರ ಹೇಳುತ್ತದೆ. ಓಟಗಾರರಲ್ಲಿ ಅತಿ ಸಾಮಾನ್ಯವಾದುದು ಚಿಪ್ಪಿನ ಸುತ್ತ ಅಥವಾ ಅದರ ಹಿಂದೆ, ಬೆರಳಿಟ್ಟು ಇಲ್ಲಿಯೇ ಎಂದು ತೋರಿಸಲು ಬಾರದಂತೆ ಹರಡಿಕೊಂಡಿರುವ ಮಂದ ನೋವು. ಇದನ್ನು ಓಟಗಾರರ ಮೊಣಕಾಲು ಎಂದೇ ಕರೆಯುವ ರೂಢಿ ಬಂದಿದೆ. ಚಿಪ್ಪು ಮತ್ತು ತೊಡೆ ಎಲುಬಿನ ನಡುವಿನ ಒತ್ತಡ ಕಾಲು ಮಡಿಚಿದಷ್ಟೂ ಹೆಚ್ಚುವುದರಿಂದ, ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಿನಲ್ಲಿ ಕೂರುವಾಗ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣಲು ಕುಳಿತು ಏಳುವಾಗ, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಕಾಲು ಮಡಿಚಿ ಗಂಟೆಗಟ್ಟಲೆ ಕುಳಿತ ಮೇಲೆ ಈ ನೋವು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ವಿಜಯಪುರದಲ್ಲಿ 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜಿನ ಹೊರಗೋಡೆಯನ್ನು ಸುತ್ತಿಕೊಂಡಿರುವ ಕಲ್ಲಿನ ಮೆಟ್ಟಿಲುಗಳನ್ನಾಗಲಿ, ಗೋಳಗುಮ್ಮಟದ ಏಳಂತಸ್ತಿನ ಮೂಲೆಗೋಪುರದ ಮೆಟ್ಟಿಲುಗಳನ್ನಾಗಲಿ ಏರುವಾಗ ಅಷ್ಟಾಗಿ ತೊಂದರೆ ಕೊಡದ ಮೊಣಕಾಲು ಇಳಿಯುವಾಗ ಚಿಪ್ಪಿನ ಹಿಂದೆ ನೋಯುತ್ತಿದ್ದರೆ, ಅದು ಈ ಬಗೆಯ ನೋವಿನ ಸ್ಪಷ್ಟ ಸೂಚನೆ.

ನೋವು ಮೊಣಕಾಲಿನ ಹೊರಮಗ್ಗುಲಲ್ಲಿ, ಓಟ ಆರಂಭಿಸಿ ಒಂದು ನಿರ್ದಿಷ್ಟ ದೂರ ಕ್ರಮಿಸಿದ ಮೇಲೆಯೇ ಚುಚ್ಚಲು ತೊಡಗಿ, ಓಟ ನಿಲ್ಲಿಸಿದಾಗ ಕಡಿಮೆಯಾಗುತ್ತಿದ್ದರೆ, ಅದು ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ತೊಡೆಯ ಹೊರಬದಿಯಲ್ಲಿ ಇಳಿದುಬರುವ ದಪ್ಪ ಪಟ್ಟಿಯಂಥ ಅಂಗಾಂಶಕ್ಕೆ ಸಂಬಂಧಿಸಿದ್ದಾಗಿರುತ್ತದೆ. ಚಿಪ್ಪಿನ ಸ್ವಲ್ಪ ಕೆಳಗೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋಯುವುದು ಸ್ನಾಯುರಜ್ಜುವಿನ ತೊಂದರೆ. ಭರ್ತಿಯ ಕನಸಿನಿಂದ ಎಳೆಯ ವಯಸ್ಸಿನಲ್ಲೇ ಓಡತೊಡಗುವ ಹುಡುಗರಲ್ಲಿ, ವಿಶೇಷವಾಗಿ ಬೆಳವಣಿಗೆ ವೇಗವಾಗಿರುವ ಹತ್ತರಿಂದ ಹದಿನೈದು ವರ್ಷಗಳ ನಡುವೆ, ಚಿಪ್ಪಿನ ಕೆಳಗಿನ ಎಲುಬಿನ ಉಬ್ಬು ಊದಿಕೊಂಡು ನೋಯುವುದುಂಟು. ಬೆಳವಣಿಗೆ ಮುಗಿದಂತೆ ಅದು ಬಹುತೇಕ ತಾನಾಗಿಯೇ ಶಮನವಾಗುತ್ತದೆ, ಆದರೆ ಆ ಅವಧಿಯಲ್ಲಿ ಹುಡುಗನನ್ನು ನೋವು ನುಂಗಿಕೊಂಡು ಓಡುವಂತೆ ಒತ್ತಾಯಿಸುವುದು ಸಲ್ಲದು.

ಈ ಎಲ್ಲ ಬಗೆಯ ನೋವುಗಳ ಹಿಂದೆ ಸಾಮಾನ್ಯವಾಗಿ ಇರುವ ಕಾರಣವೆಂದರೆ ಹೊರೆಯ ಹಠಾತ್ ಜಿಗಿತ. ಇದು ಓಟಕ್ಕೆ ಮಾತ್ರ ಸೀಮಿತವಾದುದಲ್ಲವೆಂಬುದನ್ನು ಈ ಭಾಗದ ಜನ ಪಾದಯಾತ್ರೆಗಳ ಅನುಭವದಿಂದ ಬಲ್ಲರು. ಯುಗಾದಿಗೆ ಮೊದಲು ಶ್ರೀಶೈಲಕ್ಕೆ ನೂರಾರು ಕಿಲೋಮೀಟರ್, ಸೀಗಿಹುಣ್ಣಿಮೆಯ ಹೊತ್ತಿಗೆ ಸೊಲ್ಲಾಪುರ ದಾಟಿ ತುಳಜಾಪುರಕ್ಕೆ ನಡೆದುಹೋಗುವ ಭಕ್ತರಲ್ಲಿ ವರ್ಷವಿಡೀ ಹೊಲದಲ್ಲಿ ದುಡಿದು ನಡೆದಾಡುವವರು ಸಲೀಸಾಗಿ ಮುಂದೆ ಸಾಗಿದರೆ, ಅಂಗಡಿಯ ಗಾದಿಯ ಮೇಲೆ ಕುಳಿತಿದ್ದು ನೇರವಾಗಿ ಯಾತ್ರೆಗೆ ಹೊರಟವರು ಎರಡನೆಯ ದಿನವೇ ಮೊಣಕಾಲು ಹಿಡಿದುಕೊಳ್ಳುವುದು ಆಶ್ಚರ್ಯವೇನಲ್ಲ. ದಾರಿ ಒಂದೇ, ದೂರ ಒಂದೇ. ಆ ದೂರಕ್ಕೆ ಕೀಲು ಸಿದ್ಧವಾಗಿತ್ತೇ ಎಂಬುದಷ್ಟೇ ವ್ಯತ್ಯಾಸ. ಭರ್ತಿಯ ಅಧಿಸೂಚನೆ ಹೊರಬಿದ್ದ ಮರುದಿನವೇ ದಿನಕ್ಕೆರಡು ಬಾರಿ ಮೈದಾನ ಸುತ್ತಲು ತೊಡಗುವ ಅಭ್ಯರ್ಥಿಯೂ, ಗೆಳೆಯರ ಒತ್ತಾಯಕ್ಕೆ ಕೊನೆಯ ತಿಂಗಳಲ್ಲಿ 21 ಕಿಲೋಮೀಟರಿಗೆ ಹೆಸರು ಕೊಡುವ ಹವ್ಯಾಸಿಯೂ ಮಾಡುವುದು ಇದೇ ತಪ್ಪನ್ನು. ಹತ್ತು ಕಿಲೋಮೀಟರ್ ಓಟದಲ್ಲಿ ಒಬ್ಬ ಸಾಮಾನ್ಯ ಓಟಗಾರ ಸುಮಾರು ಹತ್ತು ಸಾವಿರ ಹೆಜ್ಜೆ ಇಡುತ್ತಾನೆಂದರೆ, ಪ್ರತಿ ಮೊಣಕಾಲೂ ಐದು ಸಾವಿರ ಬಾರಿ ಆ ಒತ್ತಡವನ್ನು ತಾಳಬೇಕಾಗುತ್ತದೆ. ಕಳೆದ ವಾರ ಎರಡು ಸಾವಿರ ಬಾರಿ ತಾಳಿದ ಕೀಲಿಗೆ ಈ ವಾರ ಐದು ಸಾವಿರ ಎಂಬುದು ಸಣ್ಣ ಏರಿಕೆಯಲ್ಲ.

ಹೊರೆಯನ್ನು ಎಷ್ಟು ವೇಗವಾಗಿ ಏರಿಸಬಹುದು ಎಂಬ ಪ್ರಶ್ನೆಗೆ, ವಾರದ ಒಟ್ಟು ದೂರವನ್ನು ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಸೂತ್ರ ಓಟಗಾರರಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಆದರೆ ನೆದರ್ಲೆಂಡ್ಸ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಸೂತ್ರದಂತೆ ತರಬೇತಿ ಪಡೆದವರಿಗೂ ಉಳಿದವರಿಗೂ ಗಾಯಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು, ಐವರಲ್ಲಿ ಒಬ್ಬರಂತೆ. 2025ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಒಳಗೊಂಡ ಇನ್ನೊಂದು ಅಧ್ಯಯನ ಹೆಚ್ಚು ಉಪಯುಕ್ತವಾದ ಸಂಗತಿಯನ್ನು ಹೊರಗೆಡವಿತು: ವಾರದ ಮೊತ್ತಕ್ಕಿಂತಲೂ ಒಂದೇ ದಿನದ ಓಟ ಮುಖ್ಯ, ಕಳೆದ ಮೂವತ್ತು ದಿನಗಳಲ್ಲಿ ಓಡಿದ ಅತಿ ದೀರ್ಘ ದೂರಕ್ಕಿಂತ ಶೇ 10ಕ್ಕೂ ಹೆಚ್ಚು ದೂರವನ್ನು ಒಂದೇ ಸಲ ಓಡಿದಾಗ ಗಾಯದ ಸಂಭವ ಗಮನಾರ್ಹವಾಗಿ ಏರುತ್ತದೆ. ಅಂದರೆ ತಿಂಗಳಿಡೀ ಐದು ಕಿಲೋಮೀಟರಿಗಿಂತ ಹೆಚ್ಚು ಓಡದವರು ಭಾನುವಾರ ಹುಮ್ಮಸ್ಸಿನಲ್ಲಿ ಹತ್ತಕ್ಕೆ ಏರುವುದೇ ನಿಜವಾದ ಅಪಾಯ.

ನೋವು ಬಂದಾಗಿದೆ ಎಂದಾದರೆ ಮಾಡಬೇಕಾದುದೇನು ಎಂಬುದಕ್ಕೆ 2018ರಲ್ಲಿ ಕೆನಡಾದ ಕ್ವಿಬೆಕ್‌ನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಉತ್ತಮ ದಾರಿ ತೋರಿಸುತ್ತದೆ. ಚಿಪ್ಪಿನ ಸುತ್ತ ನೋವಿದ್ದ 69 ಓಟಗಾರರನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಹೊರೆಯನ್ನು ಹೇಗೆ ಇಳಿಸಿ ಹೇಗೆ ಏರಿಸಬೇಕೆಂಬ ತಿಳಿವಳಿಕೆಯನ್ನಷ್ಟೇ ನೀಡಲಾಯಿತು; ಎರಡನೆಯ ಗುಂಪಿಗೆ ಅದರ ಜೊತೆ ವ್ಯಾಯಾಮವನ್ನೂ, ಮೂರನೆಯದಕ್ಕೆ ಓಟದ ಶೈಲಿಯ ತಿದ್ದುಪಡಿಯನ್ನೂ ಕಲಿಸಲಾಯಿತು. ಮೂರು ಗುಂಪುಗಳಲ್ಲಿಯೂ ನೋವು ಹೆಚ್ಚುಕಡಿಮೆ ಸಮನಾಗಿ ಕಡಿಮೆಯಾಯಿತು. ಯಾವ ಯಂತ್ರವೂ ಔಷಧವೂ ಇಲ್ಲದೆ, ಕೇವಲ ತಿಳಿವಳಿಕೆಯಿಂದ ಇಷ್ಟು ಪ್ರಯೋಜನವಾಯಿತೆಂಬುದು ಪೇಟೆಯ ಫಿಸಿಯೊಥೆರಪಿಸ್ಟರ ಬಳಿಗೆ ಹೋಗಿಬರಲು ಒಂದು ದಿನದ ದುಡಿಮೆ ಬಿಡಬೇಕಾದ ಹಳ್ಳಿಯ ಓಟಗಾರರ ಮಟ್ಟಿಗೆ ಬಹಳ ಬೆಲೆಯುಳ್ಳ ಸಂಗತಿ.

ಆ ತಿಳಿವಳಿಕೆಯ ಸಾರ ಸರಳವಾದುದು. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಅಂದಾಜಿಸಿಕೊಂಡು, ಓಡುವಾಗ ಅದು ಎರಡನ್ನು ಮೀರದಿದ್ದರೆ, ಓಟ ಮುಗಿದ ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ, ಮತ್ತು ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಮೊಣಕಾಲು ಹಿಂದಿನ ದಿನಕ್ಕಿಂತ ಬಿಗಿಯಾಗಿಲ್ಲದಿದ್ದರೆ, ಆ ಹೊರೆಯನ್ನು ಕೀಲು ಒಪ್ಪಿಕೊಂಡಿದೆ ಎಂದು ಭಾವಿಸಬಹುದು. ಈ ಮೂರರಲ್ಲಿ ಯಾವುದು ತಪ್ಪಿದರೂ ಮುಂದಿನ ಓಟವನ್ನು ಕಡಿಮೆ ಮಾಡಬೇಕು. ಮೊದಲು ವೇಗವನ್ನು ಮತ್ತು ಇಳಿಜಾರನ್ನು ಬಿಡಬೇಕು. ಆಮೇಲೆ ದೂರವನ್ನು ತಗ್ಗಿಸಬೇಕು. ಅಷ್ಟೂ ಸಾಲದಿದ್ದರೆ ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯುವ ಕ್ರಮವನ್ನು ಹಿಡಿಯಬೇಕು. ವಾರಕ್ಕೊಂದು ಬಾರಿ ದೀರ್ಘವಾಗಿ ಓಡುವುದಕ್ಕಿಂತ ಅದೇ ದೂರವನ್ನು ಮೂರು ನಾಲ್ಕು ದಿನಗಳಿಗೆ ಹಂಚಿಕೊಳ್ಳುವುದು ಕೀಲಿಗೆ ಹಿತ. ನೋವು ತೀರ ಹೆಚ್ಚಾಗಿರುವ ದಿನಗಳಲ್ಲಿ ಸೈಕಲ್ ತುಳಿಯುವುದರಿಂದ ಉಸಿರಿನ ಶಕ್ತಿ ಕುಂದದಂತೆ ನೋಡಿಕೊಳ್ಳಬಹುದು. ಇದೇ ಅವಧಿಯಲ್ಲಿ ನೆಲದ ಮೇಲೆ ಕೂರುವುದಕ್ಕೆ ಬದಲು ಕುರ್ಚಿಯನ್ನೋ ಮಣೆಯನ್ನೋ ಬಳಸುವುದು ತಾತ್ಕಾಲಿಕವಾಗಿ ಸರಿ, ಆದರೆ ನೋವು ಇಳಿದ ಮೇಲೂ ನೆಲದಲ್ಲಿ ಕೂರುವ ಅಭ್ಯಾಸವನ್ನು ಕೈಬಿಟ್ಟರೆ ಕೀಲಿನ ಪೂರ್ಣ ಮಡಿಚುವಿಕೆಯೇ ಕಳೆದುಹೋಗುತ್ತದೆ.

ಓಟದ ಶೈಲಿಯಲ್ಲಿ ಸುಲಭವಾಗಿ ಮಾಡಬಹುದಾದ ಒಂದೇ ತಿದ್ದುಪಡಿಯೆಂದರೆ ಹೆಜ್ಜೆಯನ್ನು ಚಿಕ್ಕದಾಗಿಸುವುದು. ವೇಗವನ್ನು ಬದಲಿಸದೆ ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಯನ್ನು ಶೇ 5ರಿಂದ 10ರಷ್ಟು ಹೆಚ್ಚಿಸಿದರೆ ಪಾದ ದೇಹದ ತೀರ ಮುಂದೆ ಬೀಳದೆ ಸೊಂಟದ ಕೆಳಗೆ ಬೀಳುತ್ತದೆ ಮತ್ತು ಮೊಣಕಾಲು ತಾಳಬೇಕಾದ ಹೊಡೆತ ಕಡಿಮೆಯಾಗುತ್ತದೆ ಎಂದು 2011ರ ಅಧ್ಯಯನವೊಂದು ಅಳೆದು ತೋರಿಸಿದೆ. ನಿಮಿಷಕ್ಕೆ 160 ಹೆಜ್ಜೆ ಇಡುವವರು 170ರ ಆಸುಪಾಸಿಗೆ ಏರಿಸಿಕೊಂಡರೆ ಸಾಕು. ಗಡಿಯಾರ ನೋಡಿ ಅರ್ಧ ನಿಮಿಷ ಹೆಜ್ಜೆ ಎಣಿಸುವುದಕ್ಕಿಂತ ಹೆಚ್ಚಿನ ಸಾಧನ ಇದಕ್ಕೆ ಬೇಡ.

ಹೊರೆಯನ್ನು ಇಳಿಸುವುದು ನೋವನ್ನು ತಗ್ಗಿಸುತ್ತದೆ, ಆದರೆ ಹೊರೆ ತಾಳುವ ಶಕ್ತಿಯನ್ನು ಬೆಳೆಸುವುದು ಸ್ನಾಯುಬಲ. ತೊಡೆಯ ಮುಂಭಾಗದ ಸ್ನಾಯುಗಳ ಜೊತೆಗೆ ಸೊಂಟದ ಪಕ್ಕದ ಮತ್ತು ಹಿಂಭಾಗದ ಸ್ನಾಯುಗಳನ್ನೂ ಬಲಪಡಿಸುವ ವ್ಯಾಯಾಮವೇ ಚಿಪ್ಪಿನ ನೋವಿಗೆ ಅತ್ಯುತ್ತಮ ಚಿಕಿತ್ಸೆಯೆಂಬ ವಿಷಯದಲ್ಲಿ ತಜ್ಞರಲ್ಲಿ ವ್ಯಾಪಕ ಒಮ್ಮತವಿದೆ. ಇದಕ್ಕೆ ಜಿಮ್ ಬೇಕಾಗಿಲ್ಲ. ಮನೆಯ ಮುಂದಿನ ತಗ್ಗು ಕಟ್ಟೆಯ ಮೇಲೆ ಒಂದು ಕಾಲಿಟ್ಟು ನಿಧಾನವಾಗಿ ಹತ್ತಿ ಅದಕ್ಕಿಂತ ನಿಧಾನವಾಗಿ ಇಳಿಯುವುದು, ಬೆನ್ನನ್ನು ಗೋಡೆಗೆ ಆನಿಸಿ ಅರ್ಧ ಕುಳಿತ ಭಂಗಿಯಲ್ಲಿ ಅರ್ಧ ನಿಮಿಷ ನಿಲ್ಲುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸುವುದು, ಅಂಗಾತ ಮಲಗಿ ಮೊಣಕಾಲು ಮಡಿಚಿ ಸೊಂಟವನ್ನು ಮೇಲೆತ್ತುವುದು, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಇವನ್ನು ವಾರಕ್ಕೆ ಮೂರು ದಿನ, ಸ್ನಾಯು ದಣಿಯುವಷ್ಟು ಮಾಡಿದರೆ ಆರು ವಾರಗಳಲ್ಲಿ ಬದಲಾವಣೆ ಕಾಣತೊಡಗಿ ಮೂರು ತಿಂಗಳಲ್ಲಿ ನೆಲೆಗೊಳ್ಳುತ್ತದೆ. ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಬೈಠಕ್ ಇದೇ ಬಗೆಯ ಸಾಧನೆ. ನೋವಿರುವಾಗ ಪೂರ್ತಿ ಕೆಳಗಿಳಿಯದೆ ಅರ್ಧ ಬೈಠಕ್‌ನಿಂದ ಆರಂಭಿಸಿ, ವಾರಗಳು ಕಳೆದಂತೆ ಆಳವನ್ನು ಹೆಚ್ಚಿಸುತ್ತ ಹೋಗಬೇಕು. ಎಣ್ಣೆ ತಿಕ್ಕುವುದು, ಬಿಸಿನೀರಿನ ಶಾಖ, ಮೊಣಕಾಲಿನ ಪಟ್ಟಿ ಮುಂತಾದವು ಸ್ವಲ್ಪ ಹೊತ್ತು ಹಿತವೆನಿಸಬಹುದಾದರೂ ಅವು ವ್ಯಾಯಾಮದ ಸ್ಥಾನವನ್ನು ತುಂಬಲಾರವು.

ಶೂಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಾಲಿಗೆ ಹಿತವಾಗಿರುವುದೇ ಮುಖ್ಯ, ಬೆಲೆಯಲ್ಲ. ನೆಲದ ಬಗ್ಗೆ ಮಾತ್ರ ಈ ಪ್ರದೇಶಕ್ಕೆ ಸಂಬಂಧಿಸಿದಂತೆ ಒಂದು ಎಚ್ಚರಿಕೆ ಅಗತ್ಯ. ಡಾಂಬರಿಗಿಂತ ಮಣ್ಣು ಮೆದುವೆಂದು ಹೊಲದ ದಾರಿಗೆ ಇಳಿಯುವವರು, ಬೇಸಿಗೆಯಲ್ಲಿ ಎರೆಮಣ್ಣು ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದನ್ನೂ ಮಳೆಗಾಲದಲ್ಲಿ ಹೆಂಟೆಗಟ್ಟಲೆ ಶೂಗಳಿಗೆ ಮೆತ್ತಿಕೊಂಡು ಕಾಲನ್ನು ಭಾರವಾಗಿಸುವುದನ್ನೂ ಗಮನದಲ್ಲಿಡಬೇಕು. ಅಂತಹ ದಿನಗಳಲ್ಲಿ ಸಮತಟ್ಟಾದ ಗಟ್ಟಿ ನೆಲವೇ ಮೇಲು. ಇದಕ್ಕಿಂತ ಗಂಭೀರವಾದುದು, ಓಟದ ದಿನ ಬೆಳಿಗ್ಗೆ ನೋವಿನ ಗುಳಿಗೆ ನುಂಗಿ ಹೊರಡುವ ಅಭ್ಯಾಸ. ಉರಿಯೂತ ತಗ್ಗಿಸುವ ಗುಳಿಗೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತವೆ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಅದರಿಂದ ಮೂತ್ರಪಿಂಡಕ್ಕೇ ಹಾನಿಯಾಗಬಹುದು. ಜೊತೆಗೆ, ನಿಲ್ಲು ಎಂದು ಹೇಳಬೇಕಾದ ನೋವಿನ ಬಾಯಿಯನ್ನೇ ಅವು ಮುಚ್ಚುತ್ತವೆ.

ಕೆಲವು ಲಕ್ಷಣಗಳಿದ್ದಾಗ ಮೇಲಿನ ಯಾವ ಮಾತೂ ಅನ್ವಯಿಸುವುದಿಲ್ಲ, ತಡಮಾಡದೆ ವೈದ್ಯರನ್ನು ಕಾಣಲೇಬೇಕು. ಕಾಲು ಉಳುಕಿದ ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಳ್ಳುವುದು, ಕೀಲು ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ಚಾಚಲು ಬಾರದಿರುವುದು, ನಡೆಯುವಾಗ ಕಾಲು ಕುಸಿಯುವುದು, ಮೈಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾಗದಿರುವುದು, ಜ್ವರದೊಂದಿಗೆ ಕೀಲು ಕೆಂಪಾಗಿ ಬಿಸಿಯಾಗುವುದು, ವಿಶ್ರಾಂತಿಯಲ್ಲಿಯೂ ರಾತ್ರಿ ನಿದ್ದೆ ಕೆಡಿಸುವ ನೋವು, ಇವು ಅಸ್ಥಿರಜ್ಜು ಹರಿದಿರುವುದನ್ನೋ, ಎಲುಬುಗಳ ನಡುವಿನ ಅರ್ಧಚಂದ್ರಾಕಾರದ ಮೆತ್ತೆ ಸೀಳಿರುವುದನ್ನೋ, ಎಲುಬು ಬಿರಿದಿರುವುದನ್ನೋ, ಕೀಲಿನ ಸೋಂಕನ್ನೋ ಸೂಚಿಸಬಹುದು. ವಿಜಯಪುರದ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಎಲುಬು-ಕೀಲು ತಜ್ಞರು ಲಭ್ಯರಿರುವಾಗ ಇಂತಹ ಲಕ್ಷಣಗಳನ್ನು ತಿಂಗಳುಗಟ್ಟಲೆ ಸಹಿಸಿಕೊಳ್ಳುವ ಅಗತ್ಯವಿಲ್ಲ. ಇದಕ್ಕೆ ವಿರುದ್ಧವಾಗಿ, ಈ ಲಕ್ಷಣಗಳಾವುವೂ ಇಲ್ಲದವರು ಎಂಆರ್‌ಐ ಮಾಡಿಸಲು ಆತುರಪಡಬಾರದು. ನೋವೇ ಇಲ್ಲದ 115 ಮಂದಿಯ 230 ಮೊಣಕಾಲುಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 97ರಷ್ಟು ಮೊಣಕಾಲುಗಳಲ್ಲಿ ಏನಾದರೊಂದು ದೋಷ ಕಂಡುಬಂದಿತ್ತು. ಚಿತ್ರದಲ್ಲಿ ಕಾಣುವ ದೋಷವೇ ನೋವಿನ ಕಾರಣವಾಗಿರಬೇಕೆಂದಿಲ್ಲ, ಆದರೆ ‘ಕೀಲು ಸವೆದಿದೆ’ ಎಂಬ ಒಂದು ಮಾತು ಆರೋಗ್ಯವಂತ ಮನುಷ್ಯನನ್ನು ಜೀವನಪೂರ್ತಿ ಓಟದಿಂದ ದೂರವಿಡಬಲ್ಲದು.

ನಲವತ್ತು ದಾಟಿದ ಮೇಲೆ ಓಡಲಾರಂಭಿಸುವವರಿಗೂ, ತೂಕ ಹೆಚ್ಚಿರುವವರಿಗೂ ಈ ಕ್ರಮವೇ ಸಲ್ಲುತ್ತದೆ. ಅವರ ಆರಂಭ ಮಾತ್ರ ಬಿರುಸಿನ ನಡಿಗೆಯಿಂದಾಗಬೇಕು. ತೂಕ ಹೆಚ್ಚಿದ್ದು ಮೊಣಕಾಲಿನ ಸಂಧಿವಾತವಿರುವವರಲ್ಲಿ ದೇಹದ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂಬುದು 2005ರಲ್ಲೇ ಅಳೆದು ಕಂಡುಕೊಂಡ ಸಂಗತಿ.

ವೃಕ್ಷೋಥಾನ್‌ನಂಥ ಓಟಗಳು ವಿಜಯಪುರದಲ್ಲಿ ಡಿಸೆಂಬರಿನ ಚಳಿಯಲ್ಲಿ ನಡೆಯುತ್ತವೆ. ಈಗ ಐದು ಕಿಲೋಮೀಟರನ್ನು ನೋವಿಲ್ಲದೆ ಓಡಬಲ್ಲವರು ಅಲ್ಲಿ 21 ಕಿಲೋಮೀಟರ್ ಓಡಬೇಕೆಂದಿದ್ದರೆ, ದೀಪಾವಳಿ ಕಳೆಯಲೆಂದು ಕಾಯದೆ ಶ್ರಾವಣದಲ್ಲೇ ಅಭ್ಯಾಸ ಆರಂಭಿಸಲಿ. ಅಷ್ಟು ಸಮಯ ಉಳಿದಿಲ್ಲವಾದರೆ ಈ ವರ್ಷ ಹತ್ತಕ್ಕೋ ಐದಕ್ಕೋ ಹೆಸರು ಕೊಟ್ಟು, 21ನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ.